ಗಟ್ಟಿ ಹಲ್ಲಿನ ಪ್ರಮಾಣಪತ್ರ

ಜೇವರ್ಗಿಯಲ್ಲಿ ನನ್ನ ದವಾಖಾನೆಯ ಹಿಂದಿನ ಮನೆಯವರು ವಾರಕ್ಕೊಮ್ಮೆ ಹಂಚಿನ ಮೇಲೆ ತಂಬಾಕು ಹುರಿಯುತ್ತಾರೆ. ಅದು ಕಪ್ಪಗೆ ಕರಕಲಾದ ಮೇಲೆ ಕುಟ್ಟಿ ಪುಡಿ ಮಾಡಿ ಡಬ್ಬಿಯಲ್ಲಿ ತುಂಬಿಟ್ಟರೆ ಮಿಶ್ರಿ ಆಯಿತು. ನಮ್ಮ ಕಡೆಯ ಎಷ್ಟೋ ಮಂದಿಗೆ ಅದನ್ನು ಹಲ್ಲಿಗೆ ತಿಕ್ಕದೆ ಬೆಳಗಾಗುವುದಿಲ್ಲ. ಆ ವಾಸನೆ ಒಳಗೆ ಬಂದಾಗ ಕುರ್ಚಿಯಲ್ಲಿ ಮಲಗಿದ ಪೇಷಂಟುಗಳು ಕಿಟಕಿ ಹಾಕಿ ಎಂದು ಕೈಸನ್ನೆ ಮಾಡುತ್ತಾರೆ, ಬಾಯಲ್ಲಿ ನನ್ನ ಕೈ ಇರುವುದರಿಂದ ಮಾತಾಡಲು ಬರುವುದಿಲ್ಲ. ನಾನು ನೋಡದವಳಂತೆ ಇರುತ್ತೇನೆ. ವಸಡಿನ ತಜ್ಞೆ ಎಂದು ಬಾಗಿಲಿಗೆ ಬೋರ್ಡು ತೂಗುಹಾಕಿಕೊಂಡವಳು ಹೀಗೆ ಹೇಳಬಾರದು, ಆದರೆ ಆ ವಾಸನೆ ನನಗೆ ಇಷ್ಟ. ನಿಮಗೆ ಮಾತ್ರ ಹೇಳುತ್ತಿದ್ದೇನೆ.

ಅದು ಹಿರೋಳ್ಳಿಯ ವಾಸನೆ. ಆಳಂದ ತಾಲೂಕಿನ ತುದಿಯಲ್ಲಿ, ಮಹಾರಾಷ್ಟ್ರದ ಗಡಿಗೆ ಬೆನ್ನು ಹಚ್ಚಿ ಕೂತ ನಮ್ಮ ಊರು. ಅಲ್ಲಿ ನಮ್ಮ ಮನೆಗೂ ಗುರಪ್ಪ ಮುತ್ಯಾನ ಮನೆಗೂ ನಡುವೆ ಒಂದೇ ಗೋಡೆ. ಮುತ್ಯಾ ಎಂದರೆ ನಮ್ಮಲ್ಲಿ ಅಜ್ಜ. ಸ್ವಂತ ಅಜ್ಜನೇ ಆಗಬೇಕೆಂದಿಲ್ಲ, ಗೋಡೆ ಒಂದಾದರೂ ಸಾಕು. ಅವನ ಹೆಂಡತಿ ಸುಗಲಾಯಿ ಅಂಗಳದಲ್ಲಿ ಮಿಶ್ರಿ ಹುರಿದರೆ ನಮ್ಮ ಮನೆಯ ಸಾರಿಗೂ ಅದರ ರುಚಿ ಬರುತ್ತಿತ್ತು. ಗಂಡ ಹೆಂಡತಿ ಬೆಳಗ್ಗೆ ಎದುರುಬದುರು ಕೂತು, ಅಂಗೈಯಲ್ಲಿ ಪುಡಿ ಹಾಕಿಕೊಂಡು, ತೋರುಬೆರಳಿನಿಂದ ಅರ್ಧ ಗಂಟೆ ತಿಕ್ಕುತ್ತಿದ್ದರು. ದಿನದಲ್ಲಿ ಅವರು ಜಗಳವಾಡದೆ ಇರುತ್ತಿದ್ದದ್ದು ಅಷ್ಟೇ ಹೊತ್ತು. ಹತ್ತು ವರ್ಷದವಳಿದ್ದಾಗ ನಾನೂ ಒಂದು ಚಿಟಿಕೆ ಕದ್ದು ತಿಕ್ಕಿ, ತಲೆ ತಿರುಗಿ ಜೋಳದ ಚೀಲದ ಮೇಲೆ ಬಿದ್ದಿದ್ದೆ. ಮುಂದೆ ಪರೀಕ್ಷೆಯಲ್ಲಿ ತಂಬಾಕಿನ ದುಷ್ಪರಿಣಾಮಗಳ ಬಗ್ಗೆ ನಾಲ್ಕು ಪುಟ ಬರೆದೆ, ಈ ಅನುಭವವೊಂದನ್ನು ಬಿಟ್ಟು.

ಮುತ್ಯಾನಿಗೂ ನನಗೂ ವೈರ ಹುಟ್ಟಿದ್ದು ನಾನು ಬಿಡಿಎಸ್ ಮೂರನೆಯ ವರ್ಷದಲ್ಲಿದ್ದಾಗ. ಆ ವಯಸ್ಸಿನ ವೈದ್ಯ ವಿದ್ಯಾರ್ಥಿಗಳನ್ನು ನೀವು ನೋಡಿರಬೇಕು. ರೋಗ ಗುರುತಿಸಲು ಅಷ್ಟಿಷ್ಟು ಬರುತ್ತದೆ, ವಾಸಿ ಮಾಡಲು ಬರುವುದಿಲ್ಲ, ಸುಮ್ಮನಿರಲಂತೂ ಬರುವುದೇ ಇಲ್ಲ. ಬೇಸಿಗೆ ರಜೆಗೆ ಊರಿಗೆ ಬಂದವಳು ಬಿಳಿ ಕೋಟನ್ನೂ ತಂದಿದ್ದೆ. ಮೇ ತಿಂಗಳ ಬಿಸಿಲಿನಲ್ಲಿ ಅದನ್ನು ಹಾಕಿಕೊಂಡು ಹನುಮಪ್ಪನ ಗುಡಿಯ ಕಟ್ಟೆಯ ಮುಂದೆ ಎರಡು ಸಲ ಸುಮ್ಮಸುಮ್ಮನೆ ಹಾದುಹೋದೆ. ಮೂರನೆಯ ಸಲ ಮುತ್ಯಾ ಕರೆದ.

"ಬಾ ಬೇ ಡಾಕ್ಟರ್. ನನ್ನ ಬಾಯಿ ಒಂದೀಟು ನೋಡು."

ಕಟ್ಟೆಯ ಮೇಲೆ ಆರೇಳು ಮಂದಿ ಇದ್ದರು. ನಾನು ಟಾರ್ಚು ಬಿಟ್ಟು ನೋಡಿದೆ. ಇಪ್ಪತ್ತಾರು ಹಲ್ಲು, ಬುಡದಲ್ಲಿ ಗೋಡೆಯಂತೆ ಕಟ್ಟಿದ ಕಪ್ಪು ಕಿಟ್ಟ, ಬಾತ ವಸಡು, ಒತ್ತಿದಲ್ಲಿ ಕೀವು. ಪುಸ್ತಕದಲ್ಲಿ ಓದಿದ್ದೆಲ್ಲ ಒಂದೇ ಬಾಯಲ್ಲಿ ಸಿಕ್ಕಿದ್ದಕ್ಕೆ ನನಗೆ ಸಂತೋಷವೇ ಆಯಿತು, ಈಗ ನಾಚಿಕೆಯಾಗುತ್ತದೆ. ಎಲ್ಲರಿಗೂ ಕೇಳುವಂತೆ ಹೇಳಿಬಿಟ್ಟೆ: "ಮುತ್ಯಾ, ನಿನ್ನ ಹಲ್ಲು ಒಂದೂ ಉಳಿಯಂಗಿಲ್ಲ. ಎರಡು ವರ್ಷದಾಗ ಎಲ್ಲಾ ಬೀಳ್ತಾವ. ಬಾಯಿ ವಾಸನಿ ಬರಾಕತ್ತಿದ್ದೂ ಅದಕ್ಕ."

ವಾಸನೆಯ ಮಾತು ಆಡಬಾರದಿತ್ತು. ಮುತ್ಯಾ ಬಾಯಿ ಮುಚ್ಚಿದ. ಅವನ ಆಚೆ ಈಚೆ ಕೂತವರು ಗೊತ್ತಾಗದಂತೆ ಒಂದೊಂದು ಗೇಣು ಸರಿದರು. ಬುದ್ಧಿ ಬಂದಾಗಿನಿಂದ ಅವನು ಕೂತ ಕಟ್ಟೆ ಅದು. ಅಂದಿನಿಂದ ನನ್ನೊಡನೆ ಮಾತು ಬಿಟ್ಟ.

ಬಿಡಿಎಸ್ ಮುಗಿಸಿ ಎರಡು ವರ್ಷ ಅಫಜಲಪುರದ ಒಂದು ದವಾಖಾನೆಯಲ್ಲಿ ಕೆಲಸ ಮಾಡಿದೆ. ಕೆಲಸವೆಂದರೆ ಹಲ್ಲು ಕೀಳುವುದು. ಅತನೂರಿನಿಂದ, ಗಾಣಗಾಪುರದಿಂದ ಜನ ಬಂದು "ಅಳ್ಳಾಡಾಕತ್ತೈತ್ರಿ, ಕಿತ್ತಬಿಡ್ರಿ" ಎನ್ನುತ್ತಿದ್ದರು. ಕಿತ್ತು ತಟ್ಟೆಯಲ್ಲಿಟ್ಟು ನೋಡಿದರೆ ಹುಳುಕಿಲ್ಲದ, ಬಿರುಕಿಲ್ಲದ, ನನ್ನ ಹಲ್ಲಿಗಿಂತ ಚಂದದ ಹಲ್ಲು. ಅದರ ಕೆಳಗಿನ ನೆಲ ಮಾತ್ರ ಕುಸಿದುಹೋಗಿರುತ್ತಿತ್ತು. ಒಳ್ಳೆಯ ಹಲ್ಲನ್ನು ಕಸದ ಡಬ್ಬಿಗೆ ಹಾಕುವಾಗ ಹೊಟ್ಟೆ ಉರಿಯುತ್ತಿತ್ತು. ಹಾಗೆ ಒಂದು ದಿನ ತೀರ್ಮಾನ ಮಾಡಿದೆ, ಎಂಡಿಎಸ್ ಮಾಡುವುದು, ಅದೂ ವಸಡಿನ ವಿಷಯದಲ್ಲೇ.

ಪ್ರವೇಶ ಪರೀಕ್ಷೆಯಲ್ಲಿ ನನಗೆ ಬಂದ ರ‍್ಯಾಂಕು ಹೇಳಿಕೊಳ್ಳುವಂಥದ್ದಲ್ಲ, ಮುಚ್ಚಿಡುವಂಥದ್ದೂ ಅಲ್ಲ. ಅರ್ಜಿಯಲ್ಲಿ ಬೇಕಾದ ವಿಷಯಗಳನ್ನು ನಮ್ಮ ಇಷ್ಟದ ಕ್ರಮದಲ್ಲಿ ತುಂಬಬೇಕು. ಇಷ್ಟ ನನ್ನದಾದರೂ ಕ್ರಮ ಮನೆಯವರದು ಎಂದು ಆಗ ತಿಳಿಯಿತು. ಜೇವರ್ಗಿಯ ಸೋದರತ್ತೆ ಫೋನಿನಲ್ಲಿ, "ಹಲ್ಲು ಸಾಲು ಹಚ್ಚೋ ಡಾಕ್ಟರ್ ಆಗು, ಮದುವಿ ಮನ್ಯಾಗ ಹೇಳಾಕ ಛಲೋ ಇರ್ತದ. ವಸಡಿನ ಡಾಕ್ಟರ್ ಅಂತ ಯಾರ ಮುಂದ ಹೇಳೂದು?" ಎಂದಳು. ಅಪ್ಪ ಬೇರೆ ಥರ ಯೋಚಿಸಿದ. "ಐದು ವರ್ಷ ಹಲ್ಲು ಕಲತಿ. ಈಗ ಮೂರು ವರ್ಷ ವಸಡು. ಮುಂದ ತುಟಿ ಕಲೀತೀಯೇನು?" ನಾನು ಎಲ್ಲರಿಗೂ ಹೂಂ ಎಂದು, ಆಳಂದದ ಕಂಪ್ಯೂಟರ್ ಅಂಗಡಿಯಲ್ಲಿ ಒಬ್ಬಳೇ ಕೂತು ವಸಡನ್ನೇ ಮೊದಲು ತುಂಬಿದೆ.

ಆದರೆ ನನ್ನ ರ‍್ಯಾಂಕಿಗೆ ಆ ಸೀಟು ಸಿಗಬೇಕಾದರೆ ಕಲ್ಯಾಣ ಕರ್ನಾಟಕದವರ ಮೀಸಲಾತಿಯಲ್ಲೇ ಸಿಗಬೇಕು, ಅದಕ್ಕೆ ನಾನು ಇಲ್ಲಿಯವಳೇ ಎಂಬ ಪ್ರಮಾಣಪತ್ರ ಬೇಕು. ಬಿಡಿಎಸ್ ಬೆಳಗಾವಿಯಲ್ಲಿ, ಖಾಸಗಿ ಸೀಟು; ಆಗ ಯಾರೂ ಕೇಳಿರಲಿಲ್ಲ. ಇಲ್ಲಿ ಹತ್ತು ವರ್ಷ ಓದಿದವರಿಗೆ ಅದು ಸಿಗುತ್ತದೆ, ಹಾಗೆ ತೋರಿಸೋಣವೆಂದರೆ ಏಳನೆಯ ತನಕ ನಾನು ಹೋದದ್ದು ಗಡಿಯಾಚೆಯ ಮರಾಠಿ ಶಾಲೆಗೆ. ಗಡಿಯ ಊರಿನವರು ಮಾತ್ರ ಮಾಡುವ ತಪ್ಪು ಇದು. ನಮ್ಮೂರ ಶಾಲೆಗೆ ಹಳ್ಳ ದಾಟಬೇಕಿತ್ತು, ಆ ಶಾಲೆಗೆ ಹೊಲದ ಬದುವಿನ ಮೇಲೆ ನಡೆದರೆ ಸಾಕಿತ್ತು. ಅಪ್ಪ ಹಳ್ಳ ನೋಡಿದ, ರಾಜ್ಯ ನೋಡಲಿಲ್ಲ.

ಇನ್ನು ಉಳಿದ ದಾರಿ ಒಂದೇ. ನಮ್ಮ ಮನೆತನ ಹಿರೋಳ್ಳಿಯದೇ ಎಂದು ಊರಿನ ಐದು ಮಂದಿ ಪಂಚರು ಪಂಚನಾಮೆಗೆ ಸಹಿ ಹಾಕಬೇಕು. ಗ್ರಾಮಲೆಕ್ಕಿಗರು ಒಳ್ಳೆಯವರು, ಸ್ಪಷ್ಟವಾಗಿ ಹೇಳಿದರು: "ನಾಕು ಸಹಿ ಯಾರದರ ಇರ್ಲಿ ಮೇಡಂ. ಗ್ವಾಡಿಗೆ ಗ್ವಾಡಿ ಹತ್ತಿದ ಮನಿಯವರ ಸಹಿ ಒಂದು ಬೇಕ ಬೇಕು." ನಮ್ಮ ಮನೆಯ ಒಂದು ಬದಿಗೆ ತೊಗರಿಯ ಗೋದಾಮು. ಇನ್ನೊಂದು ಬದಿಗೆ ಗುರಪ್ಪ ಮುತ್ಯಾ. ದಾಖಲೆ ಕೊಡಲು ಮೂರು ದಿನ ಉಳಿದಿತ್ತು.

ನಾಲ್ಕು ಸಹಿ ಒಂದೇ ಬೆಳಗಿನಲ್ಲಿ ಆದವು. ಐದನೆಯದಕ್ಕೆ ಕಾಗದ ಹಿಡಿದು ಮುತ್ಯಾನ ಅಂಗಳಕ್ಕೆ ಹೋದೆ. ಐದು ವರ್ಷದ ಮೇಲೆ ಅವನು ನನಗೆ ಆಡಿದ ಮೊದಲ ಮಾತು, "ಕುಂದ್ರು." ಸುಗಲಾಯಿ ಚಹಾ ಇಟ್ಟಳು. ಮುತ್ಯಾ ನನ್ನ ಕೈಲೇ ಕಾಗದ ಓದಿಸಿದ, ಎರಡು ಸಲ.

"ಇದರಾಗ ಬರದಿದ್ದೆಲ್ಲಾ ಖರೇ ಐತಿ. ಸಹಿ ಹಾಕ್ತೇನಿ. ಆದ್ರ ಮೊದಲ ನೀ ನನಗೊಂದು ಬರದು ಕೊಡು."

"ಏನಂತ ಮುತ್ಯಾ?"

"ಗುರಪ್ಪನ ಇಪ್ಪತ್ತಾರೂ ಹಲ್ಲು ಗಟ್ಟಿ ಅದಾವು ಅಂತ. ಎರಡು ವರ್ಷ ಅಂದಿದ್ದಿ, ಐದು ಆತು. ಎಣಿಸಿ ನೋಡು."

ಎಣಿಸಿದೆ. ಇಪ್ಪತ್ತಾರೂ ಇದ್ದವು. ಬೆರಳಿನಿಂದ ಮೆಲ್ಲಗೆ ಒತ್ತಿದೆ. ಒಂದು ಹಲ್ಲು ಒತ್ತಿದರೆ ಆರು ಹಲ್ಲು ಕೂಡಿಯೇ ಅಲುಗಿದವು. ಬೇರು ಹಿಡಿಯುವ ಎಲುಬು ಎಂದೋ ಹೋಗಿತ್ತು. ಅವನ್ನು ಹಿಡಿದು ನಿಲ್ಲಿಸಿದ್ದು ಅರವತ್ತು ವರ್ಷದ ಕಿಟ್ಟ. ಅದನ್ನು ತೆಗೆದರೆ ಹಲ್ಲು ನಿಲ್ಲುವುದು ಅನುಮಾನ, ತೆಗೆಯದಿದ್ದರೆ ಎಲ್ಲವೂ ಹೋಗುವುದು ಖಂಡಿತ. ಇಷ್ಟು ನನಗೆ ಅವತ್ತೂ ಗೊತ್ತಿತ್ತು, ಅದನ್ನೇ ನೀವು ನೆನಪಿಟ್ಟುಕೊಳ್ಳಬೇಕು.

"ಇಪ್ಪತ್ತಾರು ಹಲ್ಲು ಅದಾವು ಅಂತ ಬರೀತೇನಿ."

"ಅದಾವು ಅನ್ನೂದು ನನಗೂ ಗೊತ್ತೈತಿ. ಗಟ್ಟಿ ಅಂತ ಬರಿ."

'ಸದ್ಯಕ್ಕೆ ಗಟ್ಟಿ' ಎಂದು ಬರೆದೆ. ಓದಿಸಿ ಕೇಳಿದ. "ಸದ್ಯಕ್ಕ ಅನ್ನೂದು ಹೊಡಿ." ಹೊಡೆದೆ. ಗೀಟು ಹೊಡೆದ ಕಾಗದ ಕಚೇರಿಯಲ್ಲಿ ನಡೆಯುವುದಿಲ್ಲವೆಂದು ಅವನಿಗೆ ಯಾರೋ ಕಲಿಸಿದ್ದರು, ಹೊಸ ಹಾಳೆ ತೆಗೆಯಲು ಹೇಳಿದ. ನಾನು ದುಂಡಗೆ ಬರೆದೆ, ಕೆಳಗೆ ಸಹಿ ಹಾಕಿ ನನ್ನ ನೋಂದಣಿ ಸಂಖ್ಯೆಯನ್ನೂ ಹಾಕಿದೆ. ಆಮೇಲೆ ಅವನು ನಿಧಾನವಾಗಿ ತನ್ನ ಸಹಿ ಮಾಡಿದ. ಅವನು ಹಾಕಿದ್ದು ನಿಜಕ್ಕೆ, ನಾನು ಹಾಕಿದ್ದು ಸುಳ್ಳಿಗೆ. ಆ ಕ್ಷಣದಲ್ಲಿ ನನಗೆ ನಾಚಿಕೆಯಾಯಿತು ಎಂದು ಹೇಳಿದರೆ ಚೆನ್ನಾಗಿರುತ್ತದೆ. ಆಗಲಿಲ್ಲ. ಆಳಂದದ ಬಸ್ಸು ತಪ್ಪೀತೆಂದು ಓಡಿದೆ.

ಸೀಟು ಸಿಕ್ಕಿತು, ಕಲಬುರಗಿಯಲ್ಲಿ, ಬೇಕಾದ ವಿಷಯದಲ್ಲೇ. ದೀಪಾವಳಿಗೆ ಊರಿಗೆ ಬಂದಾಗ ಮುತ್ಯಾನ ಪಡಸಾಲೆಯಲ್ಲಿ ನನ್ನ ಕಾಗದ ಗಾಜು ಹಾಕಿಸಿಕೊಂಡು ಗೋಡೆ ಏರಿತ್ತು, ಬಸವಣ್ಣನವರ ಫೋಟೋದ ಪಕ್ಕದಲ್ಲಿ. ಬಂದವರಿಗೆಲ್ಲ ಅದನ್ನು ಓದಿಸುತ್ತಿದ್ದನಂತೆ. ಅದರ ಕೆಳಗೇ ಕೂತು ಅವನು ಖಡಕ್ ರೊಟ್ಟಿಯನ್ನು ಮಜ್ಜಿಗೆಯಲ್ಲಿ ನೆನೆಹಾಕಿ, ನೆಂದ ಮೇಲೆ ಕಿವುಚಿ, ಕುಡಿಯುತ್ತಿದ್ದ. ನಾನು ನೋಡಿದ್ದು ಅವನಿಗೆ ಗೊತ್ತಾಗಿ ಬಟ್ಟಲನ್ನು ಧೋತರದ ಮರೆಗೆ ಸರಿಸಿದ.

"ಮುತ್ಯಾ, ಕಲಬುರ್ಗಿಗೆ ಬಾ. ನಾ ತೋರಸ್ತೇನಿ," ಎಂದೆ.

ಉತ್ತರ ಕೊಟ್ಟವಳು ಸುಗಲಾಯಿ. "ಯಾಕ ಬರಬೇಕಬೇ? ಗಟ್ಟಿ ಅದಾವು ಅಂತ ನೀನ ಬರದೀಯಲ್ಲ."

ಮುತ್ಯಾ ಗೋಡೆಯ ಕಡೆ ನೋಡಿದ. ಮನೆಗೆ ಬಂದು ಅಮ್ಮ ಬಡಿಸಿದ ರೊಟ್ಟಿ ಮುರಿದೆ, ತಿನ್ನಲಾಗಲಿಲ್ಲ. ನಾಚಿಕೆ ಎನ್ನುವುದು ತಡವಾಗಿ ಬಂತು, ಬಂದದ್ದು ಹೋಗಲಿಲ್ಲ. ಮುಂದಿನ ರಜೆಗೆ ನೋಡಿದರಾಯಿತು ಎಂದುಕೊಂಡೆ. ಆದರೆ ಆ ಬಾಯಿ ಮುಂದಿನ ರಜೆಯ ತನಕ ಕಾಯುವಂಥದ್ದಲ್ಲ ಎಂದು ಊರಲ್ಲಿ ತಿಳಿದಿದ್ದವಳು ನಾನೊಬ್ಬಳೇ. ನನ್ನ ಮಾನ ಉಳಿಸಿಕೊಂಡರೆ ಅವನ ಹಲ್ಲು ಹೋಗುತ್ತವೆ, ಲೆಕ್ಕ ಅಷ್ಟೇ.

ಮರುದಿನ ಕಟ್ಟೆಗೆ ಹೋದೆ, ಬಿಳಿ ಕೋಟು ಇಲ್ಲದೆ. ಅವೇ ಆರೇಳು ಮಂದಿ. ನಾನು ಬರೆದದ್ದು ಸುಳ್ಳು, ಸಹಿಗಾಗಿ ಬರೆದೆ, ಮುತ್ಯಾನ ಹಲ್ಲು ಗಟ್ಟಿ ಇಲ್ಲ ಎಂದು ಹೇಳಿದೆ. ಕಟ್ಟೆಯ ಮೂಲೆಯಲ್ಲಿದ್ದ ಪಂಚನೊಬ್ಬ ಮೀಸೆ ಸವರಿ, "ಹಂಗಾದ್ರ ನೀ ಹಿರೋಳ್ಳಿಯಾಕಿ ಅನ್ನೂದೂ ಸುಳ್ಳೇನವಾ?" ಎಂದ. ನನ್ನ ಸೀಟು ಕಣ್ಣ ಮುಂದೆ ಒಮ್ಮೆ ಹಾದುಹೋಯಿತು.

"ಅದು ಖರೇ ಐತಿ," ಮುತ್ಯಾ ಹೇಳಿದ. "ನಾ ಹಾಕಿದ ಸಹಿ ಖರೇ. ಅಕಿ ಹಾಕಿದ್ದು ಸುಳ್ಳು." ಎಲ್ಲರೂ ನಕ್ಕರು. ನಗು ನಿಲ್ಲುವ ತನಕ ಅವನು ಕಾದ. ಆಮೇಲೆ ಕೇಳಿದ, "ಎಷ್ಟು ಉಳಸ್ತಿ?"

"ಗೊತ್ತಿಲ್ಲ ಮುತ್ಯಾ."

"ಹಾಂ. ಈಗ ಒಂದೀಟು ಡಾಕ್ಟರ್ ಆಗಾಕತ್ತಿ," ಎಂದ.

ಮೂರು ವರ್ಷ ಅವನು ಕಲಬುರಗಿಯ ಬಸ್ಸು ಹತ್ತಿ ಬಂದ. ಕಿಟ್ಟ ತೆಗೆದ ವಾರ ಬಾಯಲ್ಲಿ ಎಲ್ಲವೂ ಅಳ್ಳಾಡಿ, ಅವನು ನನಗೆ ಬೈದ ಬೈಗುಳ ಕೇಳಿ ನಮ್ಮ ಪ್ರಾಧ್ಯಾಪಕರು ಬಾಗಿಲು ಹಾಕಿಕೊಂಡರು. ಒಂಬತ್ತು ಹಲ್ಲು ಹೋದವು. ಒಂದೊಂದು ಹೋದಾಗಲೂ ನಾನು ಅತ್ತೆ, ಅವನೇ ಸಮಾಧಾನ ಮಾಡಿದ. ಉಳಿದವನ್ನು ವಸಡು ಬಿಡಿಸಿ, ಬೇರು ತೊಳೆದು, ತಂತಿಯಿಂದ ಒಂದಕ್ಕೊಂದು ಕಟ್ಟಿ, ದಿನಾ ಬ್ರಷ್ಷು ಹಿಡಿಯಲು ಕಲಿಸಿ ಕಾದೆವು. ಮಿಶ್ರಿ ಬಿಡಿಸಲು ಹಿಡಿದಷ್ಟು ಹೊತ್ತು ಶಸ್ತ್ರಚಿಕಿತ್ಸೆಗೆ ಹಿಡಿಯಲಿಲ್ಲ. ಸುಗಲಾಯಿ ಇನ್ನೂ ಬಿಟ್ಟಿಲ್ಲ, ನನ್ನನ್ನು ಕಂಡರೆ ಡಬ್ಬಿಯನ್ನು ಸೆರಗಿನಲ್ಲಿ ಮುಚ್ಚುತ್ತಾಳೆ.

ಹೋದ ಭಾನುವಾರ ಹಿರೋಳ್ಳಿಗೆ ಹೋಗಿದ್ದೆ. ಮುತ್ಯಾ ಕಟ್ಟೆಯ ಮೇಲೆ ಮಂದಿಯ ನಡುವೆಯೇ ಕೂತಿದ್ದ, ಆಚೆ ಈಚೆ ಗೇಣು ಜಾಗವಿರಲಿಲ್ಲ. ಪಡಸಾಲೆಯ ಗೋಡೆಯಿಂದ ನನ್ನ ಕಾಗದ ಇಳಿದು ಎಷ್ಟೋ ವರ್ಷವಾಯಿತು. ಹದಿನೇಳು ಹಲ್ಲಿಗೆ ಒಂದು ಹೊಸದು, ನಿಜವಾದದ್ದು, ಬರೆದುಕೊಡುವ ಆಸೆ ನನಗೆ ಬಹಳ ದಿನದಿಂದ ಇತ್ತು. ಬ್ಯಾಗಿನಿಂದ ಪೆನ್ನು ತೆಗೆದು ಕೇಳಿಯೇ ಬಿಟ್ಟೆ.

"ಮುತ್ಯಾ, ಈಗ ಬರದು ಕೊಡಲೇನು, ಗಟ್ಟಿ ಅದಾವು ಅಂತ?"

ಅವನು ಮಡಿಲಿನ ಗಂಟಿನಿಂದ ಒಂದು ಚೂರು ಖಡಕ್ ರೊಟ್ಟಿ ತೆಗೆದು, ಬಾಯಲ್ಲಿಟ್ಟು, ಕಟುಮ್ ಎಂದು ಕಡಿದ. ಕಟ್ಟೆಯವರೆಲ್ಲ ತಿರುಗಿ ನೋಡಿದರು.

"ಯಾಕಬೇ? ಸಪ್ಪಳ ಕೇಳಸಲಿಲ್ಲೇನು?"

ಪೆನ್ನನ್ನು ಬ್ಯಾಗಿಗೆ ಹಾಕಿದೆ. ಬಲಗಡೆಯ ಹಿಂದಿನ ಎರಡು ಈಗಲೂ ಸ್ವಲ್ಪ ಅಲುಗುತ್ತವೆ, ಅದು ಅವನಿಗೂ ಗೊತ್ತು, ನನಗೂ ಗೊತ್ತು. ಅದಕ್ಕೇ ಅವನು ಎಡಗಡೆಯಿಂದ ಕಡಿದ.