ಹರಿಗೋಲಿನ ತಾಯಿ

ಹಿತ್ತಲ ಗೋಡೆಗೆ ಬಳಿಯಲೆಂದು ಮೊನ್ನೆ ಸುಣ್ಣ ನೆನೆಹಾಕಿದ್ದರು. ಅದು ಕುದಿದು ಹಬೆ ಮೂಗಿಗೆ ಬಡಿದದ್ದೇ ತಡ, ಹೊಳೆನರಸೀಪುರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಗಾರೆ ಮೇಸ್ತ್ರಿ ನೆನಪಾದರು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಅಲ್ಲಿ ಪ್ರೈಮರಿ ಶಾಲೆಯ ಟೀಚರು. ಸೇತುವೆಯ ತಡೆಗೋಡೆಯ ಮೇಲೆ ಊರಿನ ಕಥೆಗಳನ್ನು ಗಾರೆಯಲ್ಲಿ ಮೂಡಿಸುವ ಕೆಲಸವನ್ನು ಊರಿನ ದೊಡ್ಡವರ ಕಮಿಟಿ ಮೇಸ್ತ್ರಿಗೆ ವಹಿಸಿತ್ತು. ಕುದುರೆ ಏರಿದ ಪಾಳೇಗಾರ, ಹುಲಿಯ ಮೇಲೆ ಬಿದ್ದ ವೀರ, ಕೋಟೆ ಬಾಗಿಲು... ಮೇಸ್ತ್ರಿಗೆ ಓದು ಬರಹ ಬಾರದು. ಪ್ರತಿ ಬೊಂಬೆಯ ಕೆಳಗೆ ಕೆತ್ತಬೇಕಾದ ಹೆಸರನ್ನು ನಾನು ಸ್ಲೇಟಿನಲ್ಲಿ ಬರೆದುಕೊಡುತ್ತಿದ್ದೆ. ಅವರು ಅದನ್ನು ನೋಡಿ ನೋಡಿ ತಿದ್ದುತ್ತಿದ್ದರು.

ಕೊನೆಯ ಬೊಂಬೆ ಹರಿಗೋಲಿನ ಹುಟ್ಟು ಹಿಡಿದ ಒಬ್ಬ ಹೆಂಗಸು. ನಾಟಿಯ ಹೆಂಗಸರು ಅವಳ ಮೇಲೆ ಪದ ಕಟ್ಟಿ ಹಾಡುವುದನ್ನು ಕೇಳಿದ್ದೆ. ಅದೆಲ್ಲ ಬರೀ ಕಥೆ ಎಂದುಕೊಂಡಿದ್ದೆ.

"ನಮ್ಮವ್ವುಂಗೆ ನೋವು ಬಂದಾಗ ಒಳೆ ತುಂಬಿತ್ತಂತೆ. ಯಾರೂ ಅರಿಗೋಲು ಬಿಡ್ನಿಲ್ಲ. ಈ ಯಮ್ಮ ದಾಟಿಸ್ತು. ನಾನು ಆಚೆ ದಡದಲ್ಲಿ ಉಟ್ದೆ. ವಾಪಸ್ ಬರೋವಾಗ ಯಮ್ಮುನ್ನ ಒಳೆ ಎಳ್ಕೊಂಡ್ಬುಡ್ತು ಕಣವ್ವಾ," ಎಂದರು ಮೇಸ್ತ್ರಿ.

ನಾನು 'ಹರಿಗೋಲಿನ ತಾಯಿ' ಎಂದು ಬರೆದುಕೊಟ್ಟೆ.

ನೋಡಲು ಬಂದ ಕಮಿಟಿಯ ಯಜಮಾನರು ಅಲ್ಲೇ ನಿಂತುಬಿಟ್ಟರು. "ಪಾಳೇಗಾರರ ಪಕ್ಕಕ್ಕೆ ಕೇರಿಯವಳಾ? ಅದೂ ತಾಯಿ ಅಂತ. ಯಾರ್ಲಾ ಬರ್ಕೊಟ್ಟೋರು?"

ನಾನು ನಾಲ್ಕು ಮಾರು ದೂರದಲ್ಲಿದ್ದೆ. ಶಾಲೆಯ ಕಮಿಟಿಗೂ ಅವರೇ ಯಜಮಾನರು. ನನ್ನ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಮೇಸ್ತ್ರಿ ನನ್ನ ಕಡೆ ತಿರುಗಿಯೂ ನೋಡಲಿಲ್ಲ.

"ನಾನೇಯ ಸಾ," ಎಂದರು.

ಅವರಿಗೆ ಅಕ್ಷರ ಬಾರದೆಂಬುದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ಮಾತಾಡಲಿಲ್ಲ. ನಾನೂ...

ಯಜಮಾನರು ಬೊಂಬೆ ಒಡೆದುಹಾಕಲು ಹೇಳಿದರು. ಮೇಸ್ತ್ರಿ ಬೇರೆಯವರ ಕೈ ಹಾಕಿಸದೆ ತಾವೇ ಉಳಿ ಹಿಡಿದು ಒಡೆದರು. ಮುಖ ಒಡೆಯಲು ಬಹಳ ಹೊತ್ತು ಹಿಡಿಯಿತು. ಚೂರುಗಳನ್ನು ಮಂಕರಿಗೆ ತುಂಬಿ ಹೊಳೆಗೆ ಬಿಟ್ಟರು. ಸಂಜೆ ನಮ್ಮ ಜಗಲಿಯ ಮುಂದೆ ನಿಂತು, "ನಿಮ್ಮಕ್ಸರ ಉಳಿಸ್ಕಳಕ್ಕಾಗ್ನಿಲ್ಲ ಟೀಚರಮ್ಮಾ," ಎಂದು ಹೇಳಿ ಒಳಗೆ ಹೋದರು.

ಆಮೇಲೆ ಅವರು ಬೊಂಬೆ ಮಾಡಲಿಲ್ಲ. ಬಚ್ಚಲು, ಚರಂಡಿ, ನೆಲ, ಸಿಕ್ಕಿದ್ದಕ್ಕೆ ಗಾರೆ ಹಾಕಿಕೊಂಡು ಇದ್ದುಬಿಟ್ಟರು. ಮರುವರ್ಷ ನನ್ನ ಕೆಲಸ ಕಾಯಂ ಆಯಿತು, ಚನ್ನರಾಯಪಟ್ಟಣಕ್ಕೆ ವರ್ಗವೂ ಆಯಿತು. ಅವರು ತೀರಿಕೊಂಡ ಸುದ್ದಿ ತಲುಪುವಷ್ಟರಲ್ಲಿ ತಿಂಗಳು ಕಳೆದಿತ್ತು.

ಈಗ ನನಗೆ ಮೆಟ್ಟಿಲು ಹತ್ತುವುದೇ ಸಾಕಾಗುತ್ತದೆ. ಮಧ್ಯಾಹ್ನ ಮಲಗಿದರೂ ನಿದ್ದೆ ಬರುವುದಿಲ್ಲ. ಅಕ್ಷರ ನನ್ನದು ಎಂದು ಅವತ್ತು ಹೇಳಿದ್ದರೂ ಬೊಂಬೆ ಉಳಿಯುತ್ತಿತ್ತೋ ಇಲ್ಲವೋ. ಆ ಮನುಷ್ಯನ ಪಕ್ಕದಲ್ಲಿ ಒಬ್ಬರು ನಿಂತಂತಾದರೂ ಆಗುತ್ತಿತ್ತು.