ಜೋಡಿ ತಪ್ಪಿಸಿದ ಪಿಸ್ಟನ್‌ಗಳು

ಯುರೋಪಿನ ಒಂದು ಬೈಕಿನ ಚರಿತ್ರೆ ಬರೆಯುವವರೆಲ್ಲ ಎಪ್ಪತ್ತರ ದಶಕದ ಆರಂಭಕ್ಕೆ ಬಂದಾಗ ಒಂದೇ ರಾಗ ಹಾಡುತ್ತಾರೆ. ಆ ಎರಡು ವರ್ಷ ಕಾರ್ಖಾನೆಯವರು ಉದಾಸೀನ ಮಾಡಿದರಂತೆ, ಅಮೆರಿಕಕ್ಕೆ ಕಳಪೆ ಎಂಜಿನ್ ಕಳಿಸಿದರಂತೆ. ಶುದ್ಧ ಸುಳ್ಳು. ಓದಿದಾಗಲೆಲ್ಲ ಮೈ ಉರಿಯುತ್ತದೆ. ಆ ಎಂಜಿನ್‌ಗಳು ಕೆಟ್ಟದ್ದು ಡಿಟ್ರಾಯಿಟ್ ಪಕ್ಕದ ಒಂದು ಗೋದಾಮಿನಲ್ಲಿ, ಮತ್ತು ಅಲ್ಲಿ ನಾನಿದ್ದೆ.

ಮೈಸೂರಿನ ಮೋಟಾರ್‌ಸೈಕಲ್ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದು, ಅರವತ್ತರ ದಶಕದ ಕೊನೆಗೆ ಅಮೆರಿಕಕ್ಕೆ ಬಂದವನು ನಾನು. ಕಾರು ಕಂಪನಿಗಳು ಕ್ಯಾರೇ ಅನ್ನಲಿಲ್ಲ. ಮರಳು, ಕೆಸರು, ಕಾಡುದಾರಿಯಲ್ಲಿ ಓಡಿಸುವ ಆ ಬೈಕನ್ನು ತರಿಸಿ ಮಾರುವ ಸಂಸ್ಥೆಯೊಂದು ಕೆಲಸ ಕೊಟ್ಟಿತು. ಬೈಕುಗಳು ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬರುತ್ತಿದ್ದವು, ಜೋಡಿಸುವವರು ನಾವು. ಪ್ರತಿ ಸಿಲಿಂಡರಿನ ಜೊತೆ ಅದರದೇ ಪಿಸ್ಟನ್ನನ್ನು ಬಿಳಿ ದಾರದಲ್ಲಿ ಕಟ್ಟಿ ಕಳಿಸುತ್ತಿದ್ದರು. ಎರಡರ ಮೇಲೂ ಒಂದೇ ಅಕ್ಷರ ಒತ್ತಿರುತ್ತಿತ್ತು. ಎ ಅಂದರೆ ಕೂದಲೆಳೆಯಷ್ಟು ಸಣ್ಣದು, ಸಿ ಅಂದರೆ ಅಷ್ಟೇ ದೊಡ್ಡದು, ಬಿ ನಡುವಿನದು.

ಮೊದಲ ಚಳಿಗಾಲದಲ್ಲಿ ಯುರೋಪಿನ ಆ ಕಾರ್ಖಾನೆಯ ಹಿರಿಯ ಫಿಟ್ಟರ್ ಒಬ್ಬರು ನಮಗೆ ಕಲಿಸಲು ಬಂದು ಆರು ವಾರ ಇದ್ದರು. ಸಿಲಿಂಡರಿಗೆ ಎಣ್ಣೆ ಸವರಿ, ನೆಟ್ಟಗೆ ಹಿಡಿದು, ಪಿಸ್ಟನ್ನನ್ನು ಮೇಲಿಂದ ಬಿಡುತ್ತಿದ್ದರು. ಅದು ತನ್ನ ಭಾರಕ್ಕೆ ತಾನೇ ನಿಧಾನ ಇಳಿಯಬೇಕು. ದಢಕ್ಕನೆ ಬಿದ್ದರೂ ತಪ್ಪು, ನಡುವೆ ನಿಂತರೂ ತಪ್ಪು. ಮೈಸೂರಿನ ನನ್ನ ಮೇಸ್ತ್ರಿಯೂ ಹೀಗೇ ಮಾಡುತ್ತಿದ್ದರು. ತಾವು ಕೇಳುವ ಮೊದಲೇ ನಾನು ಎಣ್ಣೆ ಡಬ್ಬಿಗೆ ಕೈ ಹಾಕಿದ್ದು ಕಂಡು ಫಿಟ್ಟರ್ ಬೆನ್ನು ತಟ್ಟಿದರು. ಮಧ್ಯಾಹ್ನ ನನ್ನ ಮಾವಿನಕಾಯಿ ಉಪ್ಪಿನಕಾಯಿಯನ್ನು ತಮ್ಮ ಬ್ರೆಡ್ಡಿಗೆ ಸವರಿಕೊಂಡು ತಿನ್ನುತ್ತಿದ್ದರು. ಕಣ್ಣಲ್ಲಿ ನೀರು ಬಂದರೂ ಬಿಡುತ್ತಿರಲಿಲ್ಲ.

ಅವರು ವಾಪಸಾದದ್ದೇ ತಡ, ನಮ್ಮ ಮ್ಯಾನೇಜರ್ ಮಹಾಶಯನಿಗೆ ಗೋದಾಮು ಒಪ್ಪ ಮಾಡುವ ಹುಚ್ಚು ಹಿಡಿಯಿತು. ಸಿಲಿಂಡರುಗಳೆಲ್ಲ ಒಂದು ಕಪಾಟಿಗೆ, ಪಿಸ್ಟನ್‌ಗಳೆಲ್ಲ ಇನ್ನೊಂದಕ್ಕೆ ಎಂದ. ನಾನು ಅಕ್ಷರಗಳನ್ನು ತೋರಿಸಿದೆ. "ಇದು ಡಿಟ್ರಾಯಿಟ್. ಇಲ್ಲಿ ಯಾವ ಪಿಸ್ಟನ್ ಬೇಕಾದರೂ ಯಾವ ಸಿಲಿಂಡರಿನಲ್ಲೂ ಕೂರುತ್ತದೆ" ಎಂದು ನಕ್ಕ. ಮೂರ್ಖ. ಆದರೆ ನಾನೇನು ಕಡಿಮೆ? ದೊಡ್ಡವರಿಗೆ ಒಮ್ಮೆ ಹೇಳಬಹುದು, ಎರಡನೇ ಸಲ ಹೇಳಿದರೆ ಎದುರುತ್ತರ ಎಂದು ಮನೆಯಲ್ಲಿ ಕಲಿತವನು. ಜೊತೆಗೆ ನನ್ನ ಗ್ರೀನ್ ಕಾರ್ಡಿನ ಅರ್ಜಿಗೆ ಅವನ ಸಹಿ ಬೇಕಿತ್ತು. ಕತ್ತರಿ ತಂದು ದಾರಗಳನ್ನು ಒಂದೊಂದಾಗಿ ಕತ್ತರಿಸಿದೆ.

ಬೇಸಿಗೆಯ ಹೊತ್ತಿಗೆ ಎಂಜಿನ್‌ಗಳು ಓಡುತ್ತಿದ್ದಂತೆಯೇ ಹಿಡಿದುಕೊಳ್ಳತೊಡಗಿದವು. ದೊಡ್ಡ ಪಿಸ್ಟನ್ ಸಣ್ಣ ಸಿಲಿಂಡರಿನಲ್ಲಿ ಕಾದು, ಹಿಗ್ಗಿ, ಕಚ್ಚಿಕೊಂಡರೆ ಹಿಂದಿನ ಚಕ್ರ ಅಲ್ಲೇ ನಿಂತುಬಿಡುತ್ತದೆ. ಒಬ್ಬ ಸವಾರನ ಭುಜ ಮುರಿಯಿತು. ಕಾರ್ಖಾನೆಯದೇ ತಪ್ಪು ಎಂದು ವರದಿ ಬರೆದುಕೊಡಲು ಮ್ಯಾನೇಜರ್ ನನಗೆ ಹೇಳಿದ. ಬರೆದೆ. ಯಾವ ಪಿಸ್ಟನ್ ಎಷ್ಟು ದಪ್ಪ, ಯಾವ ಸಿಲಿಂಡರ್ ಎಷ್ಟು ಅಗಲ, ಎಲ್ಲವನ್ನೂ ಕರಾರುವಾಕ್ಕಾಗಿ ಅಳೆದು ಬರೆದೆ. ನಾವೇ ಜೋಡಿ ತಪ್ಪಿಸಿದ್ದೇವೆಂಬ ಒಂದು ಸಾಲನ್ನು ಮಾತ್ರ ಬರೆಯಲಿಲ್ಲ.

"ರೀ, ನಿಮ್ಗೆ ಗೊತ್ತಿತ್ತಲ್ವಾ? ಮತ್ತೆ ಯಾಕ್ ಬರ್ಕೊಟ್ರಿ?" ಎಂದು ಕೇಳಿದಳು ಹೆಂಡತಿ.

"ಅಳತೆ ಎಲ್ಲಾ ಸರಿಯಾಗೇ ಇದೆ ಕಣೆ. ಒಂದೂ ಸುಳ್ಳಿಲ್ಲ."

ಅವಳು ಅನ್ನ ಬಡಿಸಿ ಎದ್ದು ಹೋದಳು.

ಎರಡು ತಿಂಗಳಿಗೆ ಆ ಫಿಟ್ಟರ್ ಅವರಿಂದ ನನಗೊಂದು ಕಾಗದ ಬಂತು. ಯಾರ ಕೈಲೋ ಇಂಗ್ಲಿಷಿನಲ್ಲಿ ಬರೆಸಿದ್ದರು. ನಮ್ಮ ವರದಿ ಬಂದ ಮೇಲೆ ಪಿಸ್ಟನ್ ಜೋಡಿ ಮಾಡುವ ಕೆಲಸದಿಂದ ತಮ್ಮನ್ನು ತೆಗೆದು ಪೆಟ್ಟಿಗೆ ಕಟ್ಟುವ ಕಡೆಗೆ ಹಾಕಿದ್ದಾರೆ ಎಂದಿತ್ತು. ಕೊನೆಗೆ ಒಂದೇ ಪ್ರಶ್ನೆ: ಎಣ್ಣೆ ಸವರಿ ಇಳಿಬಿಟ್ಟು ನೋಡಿದೆಯಾ? ನಾನು ಉತ್ತರ ಬರೆಯಲಿಲ್ಲ. ಆ ಚಳಿಗಾಲಕ್ಕೆ ಗ್ರೀನ್ ಕಾರ್ಡ್ ಬಂತು. ಆಮೇಲೆ ಷಿಕಾಗೋ ಕಡೆ ಬೇರೆ ಕೆಲಸ ಹಿಡಿದೆ. ಮ್ಯಾನೇಜರನ ಮೇಲೆ ಮಾತ್ರ ಇಷ್ಟು ವರ್ಷವೂ ಹಲ್ಲು ಕಡಿಯುತ್ತಲೇ ಇದ್ದೆ. ಅದು ಸುಲಭವಿತ್ತು.

ಮೊನ್ನೆ ಷಿಕಾಗೋ ಹತ್ತಿರದ ಅರೋರಾ ಊರಿನ ದೇವಸ್ಥಾನದ ಕ್ಯಾಂಟೀನಿನಲ್ಲಿ ಸ್ನೇಹಿತರ ಮಗಳು ಸಿಕ್ಕಿದಳು. ಪಕ್ಕದ ಡೌನರ್ಸ್ ಗ್ರೋವ್ ಊರಿನಲ್ಲಿ ಹಲ್ಲಿನ ಡಾಕ್ಟರು, ಬಿಡುವಿದ್ದಾಗ ಗರಾಜಿನಲ್ಲಿ ಹಳೇ ಬೈಕುಗಳನ್ನು ರಿಪೇರಿ ಮಾಡುತ್ತಾಳೆ. ಈ ಸಲ ತಂದಿರುವುದು ಅದೇ ಬೈಕು, ಅದೇ ವರ್ಷದ್ದು, ಎಂಜಿನ್ ಹಿಡಿದು ಮೂಲೆ ಸೇರಿದ್ದು.

"ಬ್ಯಾಡ್ ಫ್ಯಾಕ್ಟರಿ, ಅಂಕಲ್. ಎವ್ರಿಬಡಿ ನೋಸ್" ಎನ್ನುತ್ತ ಫೋನಿನಲ್ಲಿ ಒಂದು ಹಳೇ ಕಾಗದ ತೋರಿಸಿದಳು. ನನ್ನ ವರದಿ. ಬೈಕಿನ ಹುಚ್ಚಿನವರೆಲ್ಲ ಸಾಕ್ಷಿಯೆಂದು ಹಂಚಿಕೊಳ್ಳುವುದು ಅದನ್ನೇ. ಬೆರಳಿನಿಂದ ಹಿಗ್ಗಿಸಿದಾಗ ಕೆಳಗಿನ ಸಹಿ ಕಂಡಿತು.

"ಅಂಕಲ್, ಈಸ್ ದಿಸ್ ಯು?"

"ನಾನೇ ಕಣಮ್ಮ. ನಿನ್ನ ಬೈಕಿನ ಪಿಸ್ಟನ್ ಮೇಲೆ ಯಾವ ಅಕ್ಷರ ಇದೆ?"

"ಸಿ."

"ಸಿಲಿಂಡರ್ ಮೇಲೆ?"

ಫೋನಿನಲ್ಲಿ ತಾನು ತೆಗೆದ ಫೋಟೋ ತೆರೆದು ನೋಡಿದಳು. "ಎ."

ಆಗ ಎಲ್ಲವನ್ನೂ ಹೇಳಿದೆ, ದಾರ, ಕತ್ತರಿ, ಆ ಹಿರಿಯರ ಕಾಗದ. ಮ್ಯಾನೇಜರನನ್ನು ಬೈಯಲು ಶುರುಮಾಡಿದಾಗ ಅವಳು ಕೈ ಎತ್ತಿ ತಡೆದಳು.

"ರೈಟ್ ಇಟ್ ಡೌನ್, ಅಂಕಲ್. ಆ್ಯಂಡ್ ಸೈನ್ ದಟ್ ಒನ್ ಟೂ."

ಅವಳ ಮೇಲೂ ಸಿಟ್ಟು ಬಂತು. ಮನೆಗೆ ಬಂದು ಬರೆಯಲು ಕುಳಿತೆ.