ಡ್ಯಾಶ್‌ಬೋರ್ಡಿನ ಸಡಿಲ ತೂತುಗಳು

ಅಹಮದಾಬಾದಿನಿಂದ ವಡೋದರಕ್ಕೆ ಬರುವ ದಾರಿಯಲ್ಲೇ ಮೊದಲನೆಯ ಸ್ಕ್ರೂ ನನ್ನ ಮಡಿಲಿಗೆ ಉರುಳಿ ಬಿತ್ತು. ಕಾರಿನ ಕೀಲಿ ನಮ್ಮ ಕೈಗೆ ಬಂದದ್ದು ಅದೇ ಬೆಳಿಗ್ಗೆ. ನಡಿಯಾದ್ ದಾಟುವಷ್ಟರಲ್ಲಿ ಇನ್ನೊಂದು ಬಿತ್ತು. ಹಳೆಯ ಕಾಲದ ವಿಲಾಯಿತಿ ಕಾರು, ಡ್ಯಾಶ್‌ಬೋರ್ಡು ಅಪ್ಪಟ ಮರದ್ದು. ಅದರ ಮೇಲಂಚಿನ ಸ್ಕ್ರೂಗಳನ್ನು ಬೆರಳಲ್ಲೇ ಎತ್ತಬಹುದಿತ್ತು. ಮರದೊಳಗಿನ ತೂತುಗಳು ಅಷ್ಟು ಸವೆದಿದ್ದವು.

"ನಮ್ಮವರು, ನಮ್ಮವರು ಅಂತ ಕಣ್ಣುಮುಚ್ಚಿ ತಗೊಂಡ್ರಿ. ಈಗ ನೋಡ್ರಿ," ಎಂದೆ.

ನನ್ನ ಗಂಡ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ. "ಹಳೇ ಗಾಡಿ ಅದ. ಸ್ಕ್ರೂ ಬೀಳ್ತಾವ. ಸುಮ್ನ ಕೂಡು."

ಸುಮ್ಮನೆ ಕೂಡುವ ಪೈಕಿ ನಾನಲ್ಲ. ತರಕಾರಿಯವನು ತಕ್ಕಡಿ ಎತ್ತಿದರೆ ಅದರ ತಳ ನೋಡುವವಳು. ಆಗ ಏಳು ತಿಂಗಳ ಬಸುರಿ ಬೇರೆ. ನನ್ನ ತಾಯಿ ತೀರಿಕೊಂಡಿದ್ದರು, ಬಾಣಂತನಕ್ಕೆ ಯಾರೂ ಇರಲಿಲ್ಲ. "ನಾನು ಬರ್ತೀನಿ ಕಣೇ, ನೀನ್ಯಾಕೆ ಯೋಚನೆ ಮಾಡ್ತೀಯ," ಎಂದಿದ್ದವರು ಈ ಕಾರು ಮಾರಿದ ಮನೆಯ ಹಿರಿಯಾಕೆ. ಗಂಡ ಹೆಂಡತಿ ಇಬ್ಬರೂ ಮೈಸೂರು ಕಡೆಯವರು, ನಾವು ಧಾರವಾಡದ ರೂಢಿಯಂತೆ ಕಾಕಾ, ಕಾಕು ಎನ್ನುತ್ತಿದ್ದೆವು. ಕಾಕಾ ಅಹಮದಾಬಾದಿನಲ್ಲಿ ವಿಜ್ಞಾನಿಯಾಗಿದ್ದು ನಿವೃತ್ತರಾದವರು. ಮಕ್ಕಳಿರಲಿಲ್ಲ. ಕಾಕಾ ಸುಳ್ಳು ಹೇಳಿ ಕಾರು ದಾಟಿಸಿದವರಾದರೆ ಕಾಕುವಿನ ಕೈಗೆ ನನ್ನ ಹಸುಗೂಸನ್ನು ಯಾವ ಧೈರ್ಯದ ಮೇಲೆ ಕೊಡಲಿ? ನನ್ನ ತಲೆ ತಿನ್ನುತ್ತಿದ್ದದ್ದು ಇದು, ಸ್ಕ್ರೂ ಅಲ್ಲ.

ವಡೋದರದ ಗೋರ್ವಾ ಬಡಾವಣೆಯ ನಮ್ಮ ಮನೆಯ ಹತ್ತಿರದ ಮೆಕ್ಯಾನಿಕ್ ಬೆಂಕಿಗೆ ತುಪ್ಪ ಸುರಿದ. "ಬೆನ್, ಇಸ್ಕೋ ತೋ ಬಹುತ್ ಬಾರ್ ಖೋಲಾ ಹೈ," ಎಂದ. ಬಹಳ ಸಲ ಬಿಚ್ಚಿದ್ದಾರಂತೆ. ಓಡಿದ ಕಿಲೋಮೀಟರ್ ತೋರಿಸುವ ಮೀಟರನ್ನು ಹಿಂದಕ್ಕೆ ತಿರುಗಿಸಬೇಕಾದರೆ ಬೋರ್ಡು ಬಿಚ್ಚಲೇಬೇಕು ಎಂದೂ ಸೇರಿಸಿದ. ತೂತುಗಳ ಬಾಯಲ್ಲಿ ಸುಟ್ಟ ಕಪ್ಪು ಇತ್ತು. ಅಂದರೆ ಒಳಗೆ ವೈರು ಸುಟ್ಟಿದೆ, ಅದನ್ನೂ ಮುಚ್ಚಿಟ್ಟಿದ್ದಾರೆ ಎಂದು ನಾನು ತೀರ್ಮಾನಿಸಿದೆ.

ಫೋನು ಮಾಡಿ ಕೇಳಿಯೇಬಿಟ್ಟೆ. ಕಾಕಾ ತಡವರಿಸಿದರು. "ಅದು ಇಲ್ಲಿನ ಸೆಕೆ ನೋಡಮ್ಮ. ಮರ ಹಿಗ್ಗುತ್ತೆ, ಕುಗ್ಗುತ್ತೆ," ಎಂದು ಫೋನನ್ನು ಕಾಕುವಿಗೆ ದಾಟಿಸಿದರು. ಕಾಕು, "ಆ ಸ್ಕ್ರೂ ವಿಷಯ ಮಾತ್ರ ನನ್ನ ಕೇಳ್ಬೇಡಮ್ಮ," ಎಂದು ನಕ್ಕರು. ಆ ನಗು ಕೇಳಿ ನನಗೆ ಮೈ ಉರಿಯಿತು. ಇಬ್ಬರೂ ಸೇರಿಯೇ ಮಾಡಿದ ಕೆಲಸ ಎನಿಸಿತು.

ನನ್ನ ಕುಬಸಕ್ಕೆ, ಅವರ ಮಾತಿನಲ್ಲಿ ಸೀಮಂತಕ್ಕೆ, ಇಬ್ಬರೂ ರೈಲಿನಲ್ಲಿ ಬಂದರು. ತಾಯಿಯ ಜಾಗದಲ್ಲಿ ನಿಂತು ಕಾಕು ನನಗೆ ಹಸಿರು ಬಳೆ ಇಡಿಸಿದರು, ಉಡಿ ತುಂಬಿದರು. ಕಾಕಾ ಕುರ್ಚಿಯಲ್ಲಿ ಕೂತು, "ಆರತಿ ಎತ್ತಿದರೆ ಹೆರಿಗೆ ಸಲೀಸಾಗುತ್ತೆ ಅನ್ನೋದಕ್ಕೆ ಏನು ಆಧಾರ?" ಎಂದು ಎಂದಿನಂತೆ ಹಂಗಿಸಿದರು. ನಾನು ಬಳೆ ಇಡಿಸಿಕೊಳ್ಳುತ್ತಲೇ ಅವರ ಮೇಲೆ ಒಂದು ಕಣ್ಣಿಟ್ಟಿದ್ದೆ.

ಊಟವಾಗಿ ಎಲ್ಲರೂ ಅಡ್ಡಾದಾಗ ಕಾಕಾ ಮೆಲ್ಲಗೆ ಕೆಳಗಿಳಿದರು. ಬಾಲ್ಕನಿಯಿಂದ ನೋಡಿದೆ. ಅತ್ತಿತ್ತ ಕಣ್ಣಾಡಿಸಿ, ಜೇಬಿನಿಂದ ಸ್ಕ್ರೂ ಡ್ರೈವರ್ ತೆಗೆದು ನಮ್ಮ ಕಾರಿನೊಳಗೆ ಕೂತರು. ಕೀಲಿ ಯಾವಾಗ ತೆಗೆದುಕೊಂಡಿದ್ದರೋ. ಕಳ್ಳ ಸಿಕ್ಕಿಬಿದ್ದ ಎಂದುಕೊಂಡು, ಒಂದು ಕೈಯಲ್ಲಿ ಹೊಟ್ಟೆ, ಇನ್ನೊಂದರಲ್ಲಿ ಕಟಕಟೆ ಹಿಡಿದು ಮೆಟ್ಟಿಲಿಳಿದೆ. ಹೋಗಿ ಕಾರಿನ ಬಾಗಿಲು ತೆಗೆದೆ.

ಅವರ ಅಂಗೈಯಲ್ಲಿ ಸ್ಕ್ರೂ ಇತ್ತು. ಸ್ಕ್ರೂ ಇದ್ದ ತೂತಿನಲ್ಲಿ ಉರಿಯುವ ಊದಿನಕಡ್ಡಿ ನೆಟ್ಟಗೆ ನಿಂತಿತ್ತು.

"ಏನ್ ಕಾಕಾ ಇದು?"

ಅವರು ಶಾಲೆಯ ಹುಡುಗನ ಹಾಗೆ ತಲೆ ತಗ್ಗಿಸಿದರು. "ನಮ್ಮನೆಯವಳಿಗೆ ಹೇಳ್ಬೇಡಮ್ಮ. ದೂರ ಹೊರಡೋಕೆ ಮುಂಚೆ ಯಾವಾಗ್ಲೂ ಹಚ್ತೀನಿ. ಸ್ಟ್ಯಾಂಡ್ ಇಟ್ಟರೆ ಅವಳ ಕಣ್ಣಿಗೆ ಬೀಳುತ್ತೆ. ಸ್ಕ್ರೂ ತೆಗೆದರೆ ಈ ತೂತೇ ಸಾಕು. ಒಂದು ಸವೆದರೆ ಪಕ್ಕದ್ದು."

"ಈಗ್ಯಾಕ? ಗಾಡಿ ನಮ್ದಾತಲ್ಲ."

"ಇನ್ನು ಇದರಲ್ಲಿ ಆಸ್ಪತ್ರೆಗೆ ಹೋಗೋಳು ನೀನಲ್ವೇನಮ್ಮ." ಸ್ಕ್ರೂವನ್ನು ಬೆರಳಲ್ಲಿ ಹೊರಳಿಸುತ್ತ ಹೇಳಿದರು: "ಅವಳನ್ನೂ ಹೆರಿಗೆಗೆ ಇದರಲ್ಲೇ ಕರ್ಕೊಂಡು ಹೋಗಿದ್ದೆ. ಮಗು ಉಳೀಲಿಲ್ಲ. ಬರುವಾಗ ನಾವಿಬ್ಬರೇ ಬಂದ್ವಿ. ಅವತ್ತು ನಾನು ಏನೂ ಹಚ್ಚಿರಲಿಲ್ಲ."

ಕಡ್ಡಿ ಪೂರ್ತಿ ಉರಿಯುವವರೆಗೆ ನಾನು ಕಾರಿನ ಬಾಗಿಲು ಹಿಡಿದು ಅಲ್ಲೇ ನಿಂತೆ.

ಮೇಲೆ ಬಂದಾಗ ಕಾಕು ಎಚ್ಚರವಾಗಿದ್ದರು. "ಹಚ್ಚಿದರಾ?" ಎಂದು ಮೆಲ್ಲಗೆ ಕೇಳಿದರು. "ಕಡ್ಡಿ ಖಾಲಿಯಾಗದ ಹಾಗೆ ಅವರ ಡ್ರಾಯರಿಗೆ ತುಂಬೋಳು ನಾನೇ. ನನಗೆ ಗೊತ್ತು ಅಂತ ಹೇಳ್ಬೇಡ, ಪಾಪ."

ಸಂಜೆ ಕಾಕಾ ತಾವೇ ರಿಪೇರಿಗೆ ಕೂತರು. ಊದಿನಕಡ್ಡಿಯ ಬುಡದ ಬಿದಿರನ್ನು ಚೂರು ಮಾಡಿ, ಬಡಗಿಗಳು ಬಳಸುವ ಅಂಟಿನಲ್ಲಿ ಅದ್ದಿ, ಸಡಿಲ ತೂತುಗಳಿಗೆ ಒತ್ತೊತ್ತಾಗಿ ತುಂಬಿದರು. ಮೇಲೆ ಉಳಿದದ್ದನ್ನು ಬ್ಲೇಡಿನಿಂದ ಕತ್ತರಿಸಿದರು. ಅಂಟು ಒಣಗಿದ ಮೇಲೆ ಮರುದಿನ ಬೆಳಿಗ್ಗೆ ಸಣ್ಣ ಮೊಳೆಯಿಂದ ಚುಚ್ಚಿ ದಾರಿ ಮಾಡಿ ಸ್ಕ್ರೂ ತಿರುಗಿಸಿದರು. ಬಿಗಿಯಾಗಿ ಕಚ್ಚಿ ಕೂತವು. ನಾನು ಒಂದೊಂದನ್ನೂ ಉಗುರಿನಿಂದ ಎತ್ತಿ ನೋಡಿದೆ. ನನ್ನ ಬುದ್ಧಿ ಒಂದು ದಿನದಲ್ಲಿ ಬದಲಾಗುವಂಥದ್ದಲ್ಲ. ಮೀಟರಿನ ಬಗ್ಗೆ ನನಗೆ ಈಗಲೂ ಸ್ವಲ್ಪ ಗುಮಾನಿ ಇದೆ.

ಒಂದು ತೂತನ್ನು ಮಾತ್ರ ಅವರು ಹಾಗೇ ಬಿಟ್ಟಿದ್ದರು.

"ಇದು?" ಎಂದೆ.

"ನೀವು ಮಗೂನ ಕರ್ಕೊಂಡು ಮನೆಗೆ ಬನ್ನಿ. ಆಮೇಲೆ ಮುಚ್ತೀನಿ."

ಆ ಸ್ಕ್ರೂವನ್ನು ನಾನು ನನ್ನ ಬಳೆ ಡಬ್ಬಿಯಲ್ಲಿ ಜೋಪಾನವಾಗಿಟ್ಟೆ. ಆಸ್ಪತ್ರೆಗೆ ಹೊರಟಾಗ ಪರ್ಸಿಗೆ ಹಾಕಿಕೊಂಡೆ.

ನಾವು ಮನೆಗೆ ಬಂದಾಗ ಕಾಕಾ ಗೇಟಿನ ಹತ್ತಿರ ಅಂಟಿನ ಡಬ್ಬಿ ಹಿಡಿದು ನಿಂತಿದ್ದರು. ನನ್ನ ಮಗಳನ್ನು ಎತ್ತಿಕೊಂಡು ಮೊದಲು ಇಳಿದವರು ಕಾಕು. ಕಾಕಾ ಅವರ ಪಕ್ಕದಿಂದಲೇ ದಾಟಿ ಕಾರಿಗೆ ಹೋದರು. ಆ ತೂತಿಗೆ ಬಿದಿರು ತುಂಬಿ, ಬೆರಳಿನಿಂದ ಒತ್ತಿ ನೋಡಿ, ಕೈ ಒರೆಸಿಕೊಂಡು, ಆಮೇಲೆ ಮಗುವಿನ ಮುಖ ನೋಡಲು ಬಂದರು.